ಒರಗಿಸಿಟ್ಟ ಕೊಡಲಿ

ಹೊಳೆಯ ದಂಡೆಯಲ್ಲಿ ಒಬ್ಬ ಗುರು ಇದ್ದರು. ಅವರಿಗೊಂದು ಗುಡಿಸಲು, ಗುಡಿಸಲಿಗೊಬ್ಬ ಶಿಷ್ಯ. ಶಿಷ್ಯನ ಹೆಸರು ಪಂಪಣ್ಣ. ಏನನ್ನು ಕಂಡರೂ ಯಾಕೆ, ಹೇಗೆ ಎಂದು ಕೇಳದೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಗುಡಿಸಲ ಹಿಂದೆ ಹಳೆಯದೊಂದು ಕಾಡುಮಾವಿನ ಮರ. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಷ್ಟು ದಪ್ಪ.

ಒಂದು ಬೇಸಿಗೆಯ ಬೆಳಿಗ್ಗೆ ಅಂಬಿಗ ಬೋರಯ್ಯ ಬಂದು ಕೈಮುಗಿದು ನಿಂತ.

"ಬುದ್ಧೀ, ಆ ಮಾವಿನ ಮರ ಬೇಕಾಗಿತ್ತು. ದೋಣಿ ಮಾಡಬೇಕು."

ಗುರು ಯಾಕೆಂದು ಕೇಳಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಹೋದ ಮಳೆಗಾಲದಲ್ಲಿ ಹಳೆಯ ದೋಣಿ ಹೊಳೆಯ ಸೆಳೆತಕ್ಕೆ ಸಿಕ್ಕಿ ಒಡೆದುಹೋಗಿತ್ತು. ಸೂಲಗಿತ್ತಿ ಇದ್ದದ್ದು ಆಚೆ ದಡದಲ್ಲಿ. ಬೋರಯ್ಯನ ಮಗಳು ಹೆರಿಗೆ ನೋವು ತಿನ್ನುತ್ತ ಈಚೆ ದಡದಲ್ಲೇ ಜೀವ ಬಿಟ್ಟಳು. ಈಗ ಸೊಸೆ ದೇವೀರಿ ಬಸುರಿ. ಅವಳಿಗೆ ದಿನ ತುಂಬುವುದೂ ಮಳೆಗಾಲದಲ್ಲೇ.

"ಆಗಲಿ, ಕಡಿಯೋಣ. ಅದಕ್ಕೆ ಮುಂಚೆ ಮರವನ್ನು ಒಂದು ಮಾತು ಕೇಳಬೇಕು," ಎಂದ ಗುರು, ಶಿಷ್ಯನ ಕಡೆ ತಿರುಗಿದರು. "ನೀನು ಹೋಗಿ ಕೇಳು."

ಆ ಸೀಮೆಯ ಪದ್ಧತಿ ಪಂಪಣ್ಣನಿಗೂ ಗೊತ್ತಿತ್ತು. ಮರ ಕಡಿಯುವ ಹಿಂದಿನ ಸಂಜೆ ಬುಡಕ್ಕೆ ಅರಿಸಿನ ಕುಂಕುಮ ಇಟ್ಟು, ಬಾಳೆಹಣ್ಣು, ಕಾಯಿಚೂರು, ಪುರಿ ಎಡೆ ಇಡುತ್ತಾರೆ. ಮರದಲ್ಲಿ ವಾಸವಾಗಿರುವವರಿಗೆ ಬೇರೆ ಜಾಗ ನೋಡಿಕೊಳ್ಳಿ ಎಂದು ಹೇಳಿ, ಕೊಡಲಿಯನ್ನು ಬೊಡ್ಡೆಗೆ ಒರಗಿಸಿ ಬರುತ್ತಾರೆ. ಬೆಳಿಗ್ಗೆ ಕೊಡಲಿ ನಿಂತಿದ್ದರೆ ಮರ ಒಪ್ಪಿತು. ಬಿದ್ದಿದ್ದರೆ ಇನ್ನೊಮ್ಮೆ ಕೇಳಬೇಕು.

ಪಂಪಣ್ಣ ಎಡೆ ಇಟ್ಟ. ಕೊಡಲಿ ಒರಗಿಸಿದ. ಯಾರಾದರೂ ನೋಡುತ್ತಿದ್ದಾರೇನೋ ಎಂದು ನಾಚಿಕೊಂಡು ಸುತ್ತ ಕಣ್ಣಾಡಿಸಿ ಗೊಣಗಿದ: "ಇಲ್ಲಿರೋರು ಯಾರಿದ್ದೀರೋ, ಬೇರೆ ಮರ ನೋಡ್ಕೊಳ್ಳಿ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ."

ಬೆಳಿಗ್ಗೆ ಹೋಗಿ ನೋಡಿದರೆ ಕೊಡಲಿ ಬಿದ್ದಿತ್ತು.

"ಬಿದ್ದಿದೆ ಗುರುಗಳೇ. ಗಾಳಿಗೆ ಇರಬೇಕು."

"ಗಾಳಿ ಬೀಸಿತ್ತಾ?"

ಪಂಪಣ್ಣ ಯೋಚಿಸಿದ. "ಇಲ್ಲ."

"ಇವತ್ತು ಇನ್ನೊಂದು ಸಲ ಕೇಳು."

ಬೋರಯ್ಯ ಆ ದಿನವೂ ಬಂದು ಬರಿಗೈಯಲ್ಲಿ ಹಿಂದಿರುಗಿದ. ಅವನ ಬಾಡಿದ ಮುಖ ಪಂಪಣ್ಣನ ಕಣ್ಣಿಂದ ಹೋಗಲಿಲ್ಲ. ಸಂಜೆ ಎಡೆ ಇಟ್ಟವನು ಕೊಡಲಿಯ ಕಾವಿನ ತುದಿಗೆ ಅಡ್ಡಲಾಗಿ ಒಂದು ಗುಂಡುಕಲ್ಲು ಒತ್ತಿಟ್ಟ.

ಬೆಳಿಗ್ಗೆ ಕೊಡಲಿ ನೆಟ್ಟಗೆ ನಿಂತಿತ್ತು. ಪಂಪಣ್ಣ ಓಡಿ ಬಂದು ಗುರುವನ್ನು ಕರೆದುಕೊಂಡು ಹೋದ.

ಗುರು ಕೊಡಲಿ ನೋಡಿದರು, ಕಲ್ಲನ್ನೂ ನೋಡಿದರು.

"ಒಪ್ಪಿದ್ದು ಮರವೋ, ಕಲ್ಲೋ?"

ಪಂಪಣ್ಣ ತಲೆ ತಗ್ಗಿಸಿದ. ಆದರೂ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟ.

"ಒಂದು ಹೆಂಗಸಿನ ಜೀವದ ಪ್ರಶ್ನೆ ಗುರುಗಳೇ. ಕೊಡಲಿ ಬಿತ್ತು ಅಂತ ಕೂತಿರೋದು ಸರಿಯಾ? ಮರ ಎಲ್ಲಾದರೂ ಕೊಡಲಿ ಬೀಳಿಸುತ್ತದೆಯೇ?"

"ನನಗೆ ಗೊತ್ತಿಲ್ಲ. ನಿನಗೆ ಗೊತ್ತೋ?"

"ಇಲ್ಲ."

"ಮತ್ತೆ ನೋಡು, ಯಾರು ಬೀಳಿಸುತ್ತಾರೆ ಅಂತ."

ಇಂಥ ಕೆಲಸವೆಂದರೆ ಪಂಪಣ್ಣನಿಗೆ ಹಬ್ಬ. ಆ ಸಂಜೆ ಎಡೆ ಇಟ್ಟು, ಕಲ್ಲಿಲ್ಲದೆ ಕೊಡಲಿ ಒರಗಿಸಿದ. ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿ ಬಂಡೆಯ ಮರೆಯಲ್ಲಿ ಕೂತ. ಕೊಡಲಿ ಇನ್ನೂ ನಿಂತಿತ್ತು. ಸ್ವಲ್ಪ ಹೊತ್ತಿಗೆ ಪೊದೆಯೊಳಗಿಂದ ಒಂದು ಮುಂಗುಸಿ ಬಂತು. ಮೂಗು ಎತ್ತಿ ಮೂಸಿತು. ಕಾಯಿಚೂರು ಕಚ್ಚಿಕೊಂಡು ತಿರುಗುವಾಗ ಅದರ ಮೈ ತಗುಲಿ ಕೊಡಲಿ ದೊಪ್ಪನೆ ಬಿತ್ತು.

ಪಂಪಣ್ಣನಿಗೆ ನಗು ತಡೆಯಲಾಗಲಿಲ್ಲ. ಗುಟ್ಟು ಸಿಕ್ಕಿತಲ್ಲ! ಎದ್ದು ಹೊರಡಬೇಕು ಎನ್ನುವಷ್ಟರಲ್ಲಿ ತಲೆಯ ಮೇಲೆ ಭಾರವಾದ ರೆಕ್ಕೆಯ ಸದ್ದಾಯಿತು. ಅವನು ಕತ್ತೆತ್ತಿದ. ನೋಡಿದವನು ಹಾಗೇ ಕೂತುಬಿಟ್ಟ.

ಗುಡಿಸಲಿಗೆ ಬಂದಾಗ ಹೊತ್ತು ಏರಿತ್ತು.

"ಮುಂಗುಸಿ ಗುರುಗಳೇ. ಎಡೆ ತಿನ್ನೋಕೆ ಬರೋ ಮುಂಗುಸಿ ಬೀಳಿಸೋದು. ಎಡೆಯನ್ನು ಆ ಕಡೆ ಇಟ್ಟರೆ ಕೊಡಲಿ ಬೀಳೋದಿಲ್ಲ."

"ಸಂತೋಷ. ಸಂದೇಹ ತೀರಿತು. ಬೋರಯ್ಯನನ್ನು ಕರಿ, ಇವತ್ತೇ ಕಡಿದುಬಿಡಿ."

ಪಂಪಣ್ಣ ಕದಲಲಿಲ್ಲ.

"ಏನು?"

"ಮೇಲೆ ಮಂಗಟ್ಟೆ ಹಕ್ಕಿ ಇದೆ ಗುರುಗಳೇ. ಪೊಟರೆಯ ಒಳಗೆ ಹೆಣ್ಣು. ಪೊಟರೆಯ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿಕೊಂಡಿದೆ, ಕೊಕ್ಕು ಹಾಯುವಷ್ಟೇ ಸಂದಿ ಬಿಟ್ಟಿದೆ. ಗಂಡು ಹಣ್ಣು ತಂದು ತಂದು ಅದಕ್ಕೆ ಉಣಿಸುತ್ತದೆ. ಒಳಗೆ ಮರಿಗಳ ಸದ್ದೂ ಕೇಳಿತು."

ಪಂಪಣ್ಣ ಮರದ ಕಡೆ ಕೈ ತೋರಿದ.

"ಬೇರೆ ಜಾಗ ನೋಡ್ಕೊಳ್ಳಿ ಅಂತ ನಾನು ಹೇಳಿದ್ದೆ. ಅದು ಹೇಗೆ ನೋಡಿಕೊಳ್ಳುತ್ತೆ? ಅದಕ್ಕೆ ಹೊರಗೆ ಬರೋದಕ್ಕೇ ಆಗೋದಿಲ್ಲ."

"ಅದನ್ನು ಬೋರಯ್ಯನಿಗೆ ಹೇಳು."

ಮಗಳನ್ನು ಕಳೆದುಕೊಂಡವನ ಎದುರು ನಿಂತು, ಹಕ್ಕಿಗಾಗಿ ತಡಿ ಎಂದು ಯಾವ ಬಾಯಲ್ಲಿ ಹೇಳುವುದು?

ಆದರೂ ಹೇಳಿದ. ಬೋರಯ್ಯ ಕೆಂಡವಾದ.

"ಹಕ್ಕಿಗೋಸ್ಕರ ನನ್ನ ಸೊಸೆ ಸಾಯಬೇಕಾ? ನಿಮಗೇನು, ಬೂದಿ ಬಳ್ಕೊಂಡು ಕೂತೋರು. ಹೆಣ ಹೊತ್ತೋನು ನಾನು."

"ಒಂದು ಸಲ ಬಂದು ನೋಡು ಬೋರಣ್ಣ. ಆಮೇಲೆ ನೀನು ಹೇಳಿದ ಹಾಗೆ," ಎಂದಷ್ಟೇ ಹೇಳಿ ಪಂಪಣ್ಣ ಅವನನ್ನು ಕರೆದುಕೊಂಡು ಬಂದ.

ಇಬ್ಬರೂ ಬಂಡೆಯ ಮರೆಯಲ್ಲಿ ಕೂತರು. ಗಂಡು ಹಕ್ಕಿ ಬಂತು, ಅತ್ತಿಹಣ್ಣನ್ನು ಸಂದಿಗೆ ಹಿಡಿಯಿತು. ಒಳಗಿನ ಕೊಕ್ಕು ಮೆಲ್ಲಗೆ ಮುಂದೆ ಬಂದು ಹಣ್ಣು ತೆಗೆದುಕೊಂಡಿತು. ಗಂಡು ಹಾರಿಹೋಯಿತು, ಮತ್ತೆ ಬಂತು.

ಬೋರಯ್ಯ ಬಹಳ ಹೊತ್ತು ನೋಡಿದ.

"ಒಳಗೆ ಬಾಣಂತಿ," ಎಂದ.

ಆಮೇಲೆ ಎದ್ದು ಹೋಗಿ, ಪಂಪಣ್ಣ ಮತ್ತೆ ಒರಗಿಸಿದ್ದ ಕೊಡಲಿಯನ್ನು ತಾನೇ ತೆಗೆದು ನೆಲದ ಮೇಲೆ ಮಲಗಿಸಿದ.

"ಎಷ್ಟು ದಿನ ಬೇಕಂತೆ ಇವಕ್ಕೆ?" ಎಂದು ಕೇಳಿದ. ಪಂಪಣ್ಣನಿಗೆ ಗೊತ್ತಿರಲಿಲ್ಲ.

ಅಂದಿನಿಂದ ಪಂಪಣ್ಣನಿಗೆ ಅದೇ ಕೆಲಸವಾಯಿತು. ಬೆಳಿಗ್ಗೆ ಎದ್ದರೆ ಮರ, ಸಂಜೆಯಾದರೆ ಮರ. ಯಾವ ಕೊಂಬೆಯಲ್ಲಿ ಕೆಂಜಿರುವೆ, ಯಾವ ಬಿರುಕಿನಲ್ಲಿ ಹಲ್ಲಿ, ಯಾವ ಹೊತ್ತಿಗೆ ನೆರಳು ಎಲ್ಲಿಗೆ ಬರುತ್ತದೆ, ಎಲ್ಲ ಅವನಿಗೆ ಪಾಠವಾಯಿತು. ಬೋರಯ್ಯನೂ ಆಗಾಗ ಬಂದು ಕೂರುತ್ತಿದ್ದ. ಒಂದು ಕಣ್ಣು ಪೊಟರೆಯ ಮೇಲೆ, ಒಂದು ಕಣ್ಣು ಮೋಡದ ಮೇಲೆ.

ಒಂದು ದಿನ ತಾಯಿ ಹಕ್ಕಿ ಗೋಡೆ ಒಡೆದು ಹೊರಗೆ ಬಂತು. ಇಬ್ಬರಿಗೂ ಹೋದ ಜೀವ ಬಂದ ಹಾಗಾಯಿತು. ಆದರೆ ಮರಿಗಳು ಒಳಗಿನಿಂದಲೇ ಪೊಟರೆಯ ಬಾಯಿಯನ್ನು ಮತ್ತೆ ಮುಚ್ಚಿಕೊಂಡವು.

"ಇವು ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದಾವೆ," ಎಂದು ಬೋರಯ್ಯ ಹಣೆ ಚಚ್ಚಿಕೊಂಡ. ಬೈದವನೇ ಮಾರನೆಯ ದಿನ ಮತ್ತೆ ಬಂದ.

ಅವರು ಕಾದರು. ಮುಂಗಾರಿನ ಮೊದಲ ಗುಡುಗು ಕೇಳಿದ ಮೇಲೆ, ಒಂದು ಬೆಳಿಗ್ಗೆ ಮರಿಗಳು ಒಂದರ ಹಿಂದೆ ಒಂದು ಹೊರಬಂದವು. ಕೊಂಬೆಯ ಮೇಲೆ ತಡವರಿಸಿ ಕೂತವು. ಸಂಜೆಯ ಹೊತ್ತಿಗೆ ಅಪ್ಪ ಅಮ್ಮನ ಹಿಂದೆ ಹೊಳೆ ದಾಟಿ ಹಾರಿಹೋದವು.

ಹೊಳೆ ಇನ್ನೂ ತುಂಬಿರಲಿಲ್ಲ. ಬೋರಯ್ಯ ತನ್ನವರನ್ನು ಸೇರಿಸಿಕೊಂಡು ಹಗಲಿರುಳು ಕೆತ್ತಿದರೆ, ದೇವೀರಿಗೆ ದಿನ ತುಂಬುವಷ್ಟರಲ್ಲಿ ದೋಣಿ ನೀರಿಗೆ ಇಳಿಯುವಂತಿತ್ತು.

ಪಂಪಣ್ಣ ಆ ಸಂಜೆ ಎಡೆ ಇಟ್ಟ. ಈ ಸಲ ಸುತ್ತ ನೋಡಲಿಲ್ಲ, ಗೊಣಗಲೂ ಇಲ್ಲ. ಗಟ್ಟಿಯಾಗಿ ಹೆಸರು ಹೇಳಿ ಕೇಳಿದ. ಕೆಂಜಿರುವೆಯನ್ನು ಕೇಳಿದ, ಹಲ್ಲಿಯನ್ನು ಕೇಳಿದ, ಕೊನೆಗೆ ಬೊಡ್ಡೆಗೆ ಅಂಗೈ ಇಟ್ಟು ಮರವನ್ನೂ ಕೇಳಿದ.

ಬೆಳಿಗ್ಗೆ ಕೊಡಲಿ ನಿಂತಿತ್ತು. ಅಡ್ಡ ಕಲ್ಲು ಇರಲಿಲ್ಲ.

ಬೋರಯ್ಯನ ಕಡೆಯವರು ಹಗ್ಗ ಹಿಡಿದು ಕಾದು ನಿಂತರು. ಗುರು ಕೊಡಲಿ ಎತ್ತಿ ಪಂಪಣ್ಣನ ಕೈಗೆ ಕೊಟ್ಟರು.

"ಮೊದಲ ಏಟು ನಿನ್ನದು."

ಪಂಪಣ್ಣ ಕೊಡಲಿ ಎತ್ತಿದ. ತೋಳು ಅರ್ಧಕ್ಕೇ ನಿಂತಿತು. ಇಳಿಸಿ ಮತ್ತೆ ಎತ್ತಿದ. ಕಣ್ಣು ಮಂಜಾಯಿತು.

"ನನ್ನಿಂದ ಆಗೋದಿಲ್ಲ ಗುರುಗಳೇ. ದೋಣಿ ಬೇಕೇ ಬೇಕು, ನನಗೆ ಗೊತ್ತು. ಕಡಿಯಬೇಡಿ ಅಂತ ನಾನು ಹೇಳ್ತಿಲ್ಲ. ಆದರೆ ಇಷ್ಟು ದಿನ ನೋಡಿ ನೋಡಿ ಈ ಮರ ನನಗೆ ನೆಂಟನ ಹಾಗೆ ಆಗಿಬಿಟ್ಟಿದೆ. ಬೇರೆ ಯಾರಿಂದಾದರೂ ಕಡಿಸಿ."

ಗುರು ಶಿಷ್ಯನ ಮುಖವನ್ನೇ ನೋಡಿದರು. ಅವರ ಕಣ್ಣಲ್ಲೂ ನೀರಿತ್ತು.

"ಇದರ ಗುರುತು ಪರಿಚಯ ಇಲ್ಲದವನು ಬಂದು ಕಡಿಯಲಿ ಅಂತೀಯಾ, ಪಂಪಣ್ಣ?"