ಕರಿಮಣ್ಣಿನಲ್ಲಿ ಹೈಡ್ರೇಂಜಿಯ

ಬೋಜ ನೀಲಗಿರಿ ಬೆಟ್ಟದ ಬಡಗರವನು. ಕೋತಗಿರಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಬಯಲುಸೀಮೆಯ ಸಾಧು ಅಡವಯ್ಯಜ್ಜ ಒಮ್ಮೆ ಬೆಟ್ಟಕ್ಕೆ ಬಂದಾಗ ಆಡಿದ ಯಾವುದೋ ಮಾತು ಅವನನ್ನು ಹಿಡಿದುಕೊಂಡಿತು. ಕೆಲಸ ಬಿಟ್ಟು ಅಜ್ಜನ ಹಿಂದೆಯೇ ಬಂದುಬಿಟ್ಟ.

ಅಜ್ಜನ ಆಶ್ರಮ ಇದ್ದದ್ದು ಒಂದು ಹೊಳೆದಂಡೆಯಲ್ಲಿ. ಕರಿಮಣ್ಣು, ನಾಲ್ಕಾರು ಬೇವಿನ ಮರ, ಹಂಚಿನ ಕೋಣೆಗಳ ಒಂದು ಸಾಲು.

ಬೋಜನ ಬಡಗ ಮಾತು ಕನ್ನಡಕ್ಕೆ ಹತ್ತಿರದ್ದೇ. ಆದರೂ ಅವನು ಬಾಯಿ ತೆರೆದರೆ ಇಲ್ಲಿಯವರು ತುಸು ನಗುತ್ತಿದ್ದರು. ಕೆಟ್ಟ ನಗೆಯಲ್ಲ. ಬರಬರುತ್ತ ಅವನು ಮಾತು ಕಡಿಮೆ ಮಾಡಿದ.

ಬೆಳಿಗ್ಗೆ, ಸಂಜೆ ಹೇಗೋ ಸಾಗುತ್ತಿತ್ತು. ಮಧ್ಯಾಹ್ನ ಮಾತ್ರ ಸಾಗುತ್ತಿರಲಿಲ್ಲ. ಊಟವಾಗಿ ಎಲ್ಲರೂ ಬಾಗಿಲು ಮುಂದೆ ಮಾಡಿಕೊಂಡು ಅಡ್ಡಾದರೆ ಅಂಗಳದಲ್ಲಿ ಬಿಸಿಲೊಂದೇ ಉಳಿಯುತ್ತಿತ್ತು. ಬೋಜ ತನ್ನ ಹೊಸ್ತಿಲ ಮೇಲೆ ಕೂತು ಅದನ್ನೇ ನೋಡುತ್ತಿದ್ದ.

ಮಳೆಗಾಲದಲ್ಲಿ ಅಕ್ಕನ ಮಗಳ ಮದುವೆಗೆಂದು ಊರಿಗೆ ಹೋದವನು, ಬರುವಾಗ ಬೇಲಿಯಲ್ಲಿದ್ದ ಹೈಡ್ರೇಂಜಿಯದ ಗಿಡವೊಂದನ್ನು ಬೇರುಸಹಿತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದ. ಮಗುವಿನ ತಲೆಯಷ್ಟು ದಪ್ಪ ಹೂಗೊಂಚಲು ಬಿಡುವ ಗಿಡ. ಬೆಟ್ಟದಲ್ಲಿ ಅದಕ್ಕೆ ಯಾರೂ ನೀರು ಹಾಕುವುದಿಲ್ಲ. ಅದರ ಪಾಡಿಗೆ ಅದು ಇರುತ್ತದೆ.

ಕೂತಲ್ಲಿಂದ ಕಾಣಲಿ ಎಂದು ಅದನ್ನು ತನ್ನ ಬಾಗಿಲ ಮುಂದೆಯೇ ನೆಟ್ಟ. ಬಾಗಿಲು ಪಶ್ಚಿಮಕ್ಕಿತ್ತು.

ಚಳಿ ಹೋಗಿ ಬಿಸಿಲು ಏರಿತು. ಮಧ್ಯಾಹ್ನವಾಯಿತೆಂದರೆ ಎಲೆಗಳು ಹಿಂಡಿದ ಬಟ್ಟೆಯ ಹಾಗೆ ಜೋತುಬೀಳುತ್ತಿದ್ದವು. ಬೋಜ ಕೊಡ ಎತ್ತಿಕೊಂಡು ಓಡುತ್ತಿದ್ದ.

ಒಂದು ದಿನ ಅಜ್ಜ ನೋಡಿದ.

“ಏನ್ ಮಾಡಾಕತ್ತಿ, ಬೋಜಾ?”

“ಬಾಯಾರಿದೆ, ಅಜ್ಜ. ನೋಡಿ, ಹೇಗೆ ಬಿದ್ದಿದೆ.”

“ಅದು ನೀರು ಕೇಳ್ತೇನು?”

“ಕಾಣುತ್ತಿದೆಯಲ್ಲ.”

ಅಜ್ಜ ತನ್ನ ದಾರಿ ಹಿಡಿದ.

ಗಿಡ ಸತ್ತಿತು. ಅಜ್ಜ ಬಂದು ಅದರ ಬುಡ ಹಿಡಿದು ಎತ್ತಿದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭವಾಗಿ ಬಂತು. ಬೇರು ಕಪ್ಪಗಾಗಿತ್ತು. ಅದನ್ನು ಬೋಜನ ಮೂಗಿನ ಹತ್ತಿರ ಹಿಡಿದ.

“ಕೊಳೆತಿದೆ,” ಎಂದ ಬೋಜ.

“ನೀರಿಲ್ಲದ ಸತ್ತದ್ದಲ್ಲ ಇದು.”

“ಮತ್ತೆ ದಿನಾ ಯಾಕೆ ಬೀಳುತ್ತಿತ್ತು?”

“ಮಧ್ಯಾಹ್ನ ನೋಡಾವ ನೀನು. ಸಂಜೀಮುಂದ ಒಂದಿನಾರ ನೋಡೀಯೇನು?”

ನೋಡಿರಲಿಲ್ಲ. ಬೋಜ ತಲೆ ತಗ್ಗಿಸಿದ.

ಸತ್ತ ಗಿಡದಲ್ಲಿ ಒಂದು ಟೊಂಗೆ ಮಾತ್ರ ಹಸಿರಿತ್ತು. ಅದನ್ನು ಮುರಿದು ಕುಂಡದ ಮರಳಲ್ಲಿ ಚುಚ್ಚಿ ನೆರಳಿನಲ್ಲಿಟ್ಟ. ಬಹಳ ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಎಲೆ ಬಂತು. ಅವತ್ತು ಅದನ್ನು ಯಾರಿಗಾದರೂ ಹೇಳಬೇಕೆನಿಸಿತು. ಅಂಗಳದಲ್ಲಿ ಆಚೀಚೆ ನೋಡಿದ. ಎಲ್ಲರೂ ಅವರವರ ಕೆಲಸದಲ್ಲಿದ್ದರು. ಹೇಳಲಿಲ್ಲ.

“ಇದನ್ನು ಎಲ್ಲಿ ನೆಡಲಿ, ಅಜ್ಜ?”

“ಅಲ್ಲಲ್ಲಿ ಹೋಗಿ ಕೂಡು. ಎಲ್ಲಿ ನಿನಗ ತಡಕೊಳ್ಳಾಕ ಆಗತೈತಿ, ಅಲ್ಲಿ ನೆಡು.”

ಬೋಜ ಹಾಗೆಯೇ ಮಾಡಿದ. ಹೊಳೆಯ ದಂಡೆಯಲ್ಲಿ ಕೂತ. ನೀರಿನ ಮೇಲಿನ ಝಳ ಕಣ್ಣು ಚುಚ್ಚಿತು. ಬೇವಿನ ಬುಡದಲ್ಲಿ ಕೂತ. ತಂಪೇನೋ ಇತ್ತು, ಆದರೆ ಬೆರಳು ಹಾಕಿದರೆ ನೆಲ ಬರಡು, ಇದ್ದ ನೀರನ್ನೆಲ್ಲ ಮರವೇ ಕುಡಿದಿತ್ತು.

ಕೊನೆಗೆ ಅಡಿಗೆಮನೆಯ ಮೂಡಣ ಗೋಡೆಯ ಹತ್ತಿರ ಬಂದ. ಬೆಳಗಿನ ಎಳೆಬಿಸಿಲು ಅಲ್ಲಿ ಬೀಳುತ್ತಿತ್ತು. ಹೊತ್ತು ಏರಿದ ಮೇಲೆ ಗೋಡೆಯ ನೆರಳು ಬರುತ್ತಿತ್ತು. ಅಡಿಗೆಯ ಕಲ್ಲವ್ವ ಅಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅವನನ್ನು ಕಂಡು ಮೊರವನ್ನು ಸ್ವಲ್ಪ ಆಚೆ ಸರಿಸಿ ಜಾಗ ಮಾಡಿದಳು.

ಗಿಡವನ್ನು ಅಲ್ಲಿ ನೆಟ್ಟ. ಅಂಟುವ ಕರಿಮಣ್ಣನ್ನು ತೆಗೆದು ಅದಕ್ಕೆ ಮರಳು, ಹಳೆಯ ಗೊಬ್ಬರ, ಕೊಳೆತ ಎಲೆ ಬೆರೆಸಿ, ನೀರು ನಿಲ್ಲದ ಹಾಗೆ ಏರಿಸಿ ಹಾಕಿದ. ಬುಡಕ್ಕೆ ಒಣಗಿದ ತರಗು ಹೊದಿಸಿದ. ಬೆಳಿಗ್ಗೆ ಬೆರಳು ಊರಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿದ.

ಮುಂದಿನ ಚೈತ್ರದಲ್ಲಿ, ನೆರಳಿನಲ್ಲಿಯೂ ಎಲೆಗಳು ಜೋತುಬಿದ್ದವು. ಬೋಜನ ಕೈ ತಾನಾಗಿ ಕೊಡಕ್ಕೆ ಹೋಯಿತು. ಅಜ್ಜ ಎಲ್ಲಿದ್ದನೋ, ಬಂದು ಮಣಿಕಟ್ಟು ಹಿಡಿದ.

“ಕೂಡು.”

ಇಬ್ಬರೂ ಕೂತರು. ಅಜ್ಜ ಕೈ ಬಿಡಲಿಲ್ಲ. ನೆರಳು ಅಂಗಳ ದಾಟಿತು. ಹೊಳೆಯ ಕಡೆಯಿಂದ ಗಾಳಿ ಬಂತು. ಜೋತ ಎಲೆಗಳು ಯಾವಾಗ ಏಳತೊಡಗಿದವೋ ಬೋಜನಿಗೆ ತಿಳಿಯಲಿಲ್ಲ. ಕತ್ತಲಾಗುವ ಮುಂಚೆ ಎಲ್ಲವೂ ನೆಟ್ಟಗೆ ನಿಂತಿದ್ದವು.

“ಯಾರ್ ಎಬ್ಬಿಸಿದ್ರು?” ಎಂದ ಅಜ್ಜ.

“ಯಾರೂ ಇಲ್ಲ.”

ಅಜ್ಜ ಕೈ ಬಿಟ್ಟು ಎದ್ದುಹೋದ.

ಗಿಡ ಸೊಂಟದೆತ್ತರ ಬೆಳೆಯಿತು. ಮಾಗಿಯಲ್ಲಿ ಎಲೆ ಉದುರಿ ಬರೀ ಕಡ್ಡಿಗಳು ಉಳಿದವು. ಆಶ್ರಮಕ್ಕೆ ಭಕ್ತರು ಬರುವ ಕಾಲ. ಒಣಗಿದ ಕಡ್ಡಿ ಚಂದ ಕಾಣುವುದಿಲ್ಲ ಎಂದು ಬೋಜ ಕುಡುಗೋಲು ತಂದು ಬುಡದವರೆಗೂ ಸವರಿ ಹಾಕಿದ. ಅಜ್ಜ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ.

ಬೇಸಿಗೆಯಲ್ಲಿ ಎಲೆಗಳು ಒತ್ತೊತ್ತಾಗಿ ಬಂದವು. ಹೂ ಬರಲಿಲ್ಲ.

“ಎಲ್ಲ ಸರಿಯಾಗಿ ಮಾಡಿದೆ, ಅಜ್ಜ. ಯಾಕೆ ಹೂ ಬಿಡಲಿಲ್ಲ?”

“ಮಾಗಿಯೊಳಗ ನೀನ ಕಡದಿಯಲ್ಲ ಹೂವ.”

“ಆಗ ಅದರಲ್ಲಿ ಏನೂ ಇರಲಿಲ್ಲ. ಬರೀ ಕಡ್ಡಿ.”

“ಕಡ್ಡಿಯೊಳಗಿದ್ದುವು.”

ಬೋಜ ಒಂದು ಟೊಂಗೆಯ ತುದಿ ಮುಟ್ಟಿ ನೋಡಿದ. ಆಮೇಲೆ ಕೇಳಿದ:

“ನೀವು ಅಲ್ಲಿಯೇ ಕೂತಿದ್ದಿರಲ್ಲ. ಯಾಕೆ ಹೇಳಲಿಲ್ಲ?”

“ಹೇಳಿದ್ರ ಗಿಡಕ್ಕ ಹೂ ಇರ್ತಿತ್ತು. ನಿನಗೇನಿರ್ತಿತ್ತು?”

ಮರುವರ್ಷ ಅವನು ಕಡ್ಡಿಗಳನ್ನು ಮುಟ್ಟಲಿಲ್ಲ. ಬಿಸಿಲು ಬಲಿಯುವ ಹೊತ್ತಿಗೆ ತುದಿಗಳಲ್ಲಿ ಹಸಿರು ಗಂಟುಗಳು ಕಂಡವು. ಊದಿಕೊಂಡವು. ಒಂದು ಬೆಳಿಗ್ಗೆ ನೋಡಿದರೆ ಬಣ್ಣ ಬಂದಿತ್ತು.

ತಿಳಿಗುಲಾಬಿ.

ಕಲ್ಲವ್ವ ಮೊರ ಕೆಳಗಿಟ್ಟು ಹತ್ತಿರ ಬಂದಳು. “ಎಷ್ಟ್ ಚಂದ ಅದಾವೋ, ತಮ್ಮಾ.”

ಬೋಜ ಗೊಂಚಲನ್ನು ತಿರುಗಿಸಿ ತಿರುಗಿಸಿ ನೋಡಿದ.

“ಯಾಕ, ನಿನಗ ಖುಷಿ ಆಗಲಿಲ್ಲೇನು?”

“ಇದರ ಬಣ್ಣ ಇದಲ್ಲ, ಕಲ್ಲವ್ವ. ಇದು ನೀಲಿ. ನಮ್ಮ ಬೇಲಿಗಳ ತುಂಬ ನೀಲಿಯೇ ಇರುವುದು.”

ಅವಳು ಹೂವನ್ನು ಮತ್ತೊಮ್ಮೆ ನೋಡಿದಳು. ನೀಲಿಯನ್ನು ಕಾಣಲು ಯತ್ನಿಸುತ್ತಿದ್ದ ಹಾಗಿತ್ತು.

“ನಾ ನೋಡಿಲ್ಲಪಾ. ನನಗ ಇದ ಚಂದ ಕಾಣತೈತಿ,” ಎಂದು ಒಳಗೆ ಹೋದಳು.

ಬೋಜ ಅಲ್ಲೇ ನಿಂತಿದ್ದ. ಈ ಗಿಡದ ನೀಲಿಯನ್ನು ಕಂಡವರು ಈ ದಂಡೆಯಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ.

ಅಜ್ಜನ ಬಳಿ ಹೋಗಿ ಬಣ್ಣದ ಮಾತು ಹೇಳಿದ.

“ಅದು ಮಣ್ಣಿನ ಗುಣ,” ಎಂದ ಅಜ್ಜ.

“ಹಾಗಾದರೆ ನಮ್ಮ ಮಣ್ಣು ತರುತ್ತೇನೆ.”

“ಹೋಗಿ ಬಾ.”

ಬೋಜ ಬೆಟ್ಟ ಹತ್ತಿದ. ಊರು ತಂಪಾಗಿತ್ತು. ಅಕ್ಕ ಒಳಗಿನಿಂದ ಕುರ್ಚಿ ತಂದು ಹಾಕಿದಳು. ಮೊದಲೆಲ್ಲ ಅವನು ಒಲೆಯ ಹತ್ತಿರ ನೆಲದ ಮೇಲೆ ಕೂರುತ್ತಿದ್ದ. ಚಹಾ ಬಂದದ್ದು ನೆಂಟರಿಗೆಂದು ಎತ್ತಿಟ್ಟ ಲೋಟದಲ್ಲಿ.

ಅವನು ಆಶ್ರಮದ ಸುದ್ದಿ ಹೇಳಿದ. ಅಕ್ಕನ ಹಿರಿಮಗನ ಮಕ್ಕಳು ನಕ್ಕರು. ಕೆಟ್ಟ ನಗೆಯಲ್ಲ.

“ನೀನೀಗ ಬಯಲಿನವರ ಹಾಗೆಯೇ ಮಾತಾಡುತ್ತೀ,” ಎಂದಳು ಅಕ್ಕ.

“ನಾನೇ?”

“ಗೊತ್ತಾಗುವುದಿಲ್ಲವೇನು ನಿನಗೆ?”

ಅವನಿಗೆ ಗೊತ್ತಾಗಿರಲಿಲ್ಲ.

ಹೊರಗೆ ಬಂದ. ಬೇಲಿಯುದ್ದಕ್ಕೂ ನೀಲಿ. ಬಹಳ ಹೊತ್ತು ನೋಡಿದ. ದಾರಿಯಲ್ಲಿ ಜನ ಹೋಗುತ್ತಿದ್ದರು, ಬರುತ್ತಿದ್ದರು. ಯಾರೂ ಹೂವಿನ ಕಡೆ ತಿರುಗಲಿಲ್ಲ. ಇವನನ್ನು ಮಾತ್ರ ಯಾರೋ ಹೊಸಬ ಎಂದು ನೋಡಿ ಮುಂದೆ ಹೋದರು.

ಬೇಲಿಯ ಬುಡದಿಂದ ಮಣ್ಣು ತುಂಬಿಕೊಂಡ. ಬಸ್ಸು ಇಳಿದು ರೈಲು ಹತ್ತುವಾಗ, ರೈಲು ಇಳಿದು ನಡೆಯುವಾಗ ಚೀಲ ಭುಜ ಕತ್ತರಿಸಿತು. ಎಲ್ಲಿಯೂ ಬಿಡಲಿಲ್ಲ.

ಆಶ್ರಮಕ್ಕೆ ಬಂದಾಗ ಅಜ್ಜ ಗಿಡದ ಹತ್ತಿರ ಕೂತಿದ್ದ. ಹೂವುಗಳು ಇನ್ನೂ ಇದ್ದವು. ಬೋಜ ಚೀಲ ಇಳಿಸಿ ಎದುರಿಗೆ ಕೂತ.

“ತಂದಿಯೇನು?”

“ತಂದೆ.”

ಅಜ್ಜ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದ. ಕೆಂಪು, ಹಗುರ ಮಣ್ಣು. ಬೆರಳ ಸಂದಿಯಿಂದ ಉದುರಿತು.

“ಇದನ್ನು ಹಾಕಿದರೆ ನೀಲಿ ಆಗುತ್ತದೆಯೆ, ಅಜ್ಜ?”

“ಆದೀತು. ಒಂದ್ ವರ್ಷ.”

“ಆಮೇಲೆ?”

“ಈ ನೆಲದ ನೀರು ಕುಡೀಬೇಕಲ್ಲ. ಮತ್ತ ಗುಲಾಬಿ ಆಗತೈತಿ. ನೀ ಮತ್ತ ಹೋಗಿ ತರಬೇಕು.”

ಬೋಜ ಉದುರಿದ ಮಣ್ಣನ್ನು ಬೆರಳಿನಿಂದ ಒಟ್ಟುಗೂಡಿಸಿದ. ಒಳಗೆ ಕಲ್ಲವ್ವ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

“ತರುತ್ತೇನೆ,” ಎಂದ. ಆಮೇಲೆ ಮೆಲ್ಲಗೆ ಕೇಳಿದ: “ನಾನು ಇಲ್ಲದ ಮೇಲೆ?”

ಅಜ್ಜ ಕೈಗೆ ಹತ್ತಿದ ಮಣ್ಣು ಕೊಡವಿಕೊಂಡ.

“ಅವತ್ತು ಅದು ಈ ಊರಿನ ಗಿಡ ಆಗತೈತಿ.”