ನಾಲ್ಕು ಮುಂಡಾಸಿನ ಹಗ್ಗ

ಒಂದೂರಿನಲ್ಲಿ ಒಂದು ಕೋಟೆ, ಕೋಟೆಯೊಳಗೆ ಏಳುನೂರು ಸಿಪಾಯಿಗಳು ಇದ್ದರಂತೆ. ಆರುನೂರ ತೊಂಬತ್ತೊಂಬತ್ತು ಮಂದಿ ಶೂರರು. ಉಳಿದವನು ಭರಮ. ಮೂರು ಯುದ್ಧಕ್ಕೆ ಹೋಗಿದ್ದ, ಮೂರರಲ್ಲೂ ಅಡುಗೆಯ ಹಂಡೆ ಹೊತ್ತಿದ್ದ. ಅವನ ಕತ್ತಿ ಈರುಳ್ಳಿ ಬಿಟ್ಟು ಬೇರೇನನ್ನೂ ಕೊಯ್ದಿರಲಿಲ್ಲವಂತೆ.

ಕೋಟೆಯ ಜೋಳವೆಲ್ಲ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಆಳದ ಕಣಜದಲ್ಲಿ ಇರುತ್ತಿತ್ತು. ಅದರ ಬಾಯಿ ತೆರೆದಾಗ ಮೊದಲು ದೀಪ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಒಳಗೆ ಕೆಟ್ಟ ಗಾಳಿ.

ಒಂದು ದಿನ ಹಗೇವು ತೆರೆದವನು ದುರುಗಣ್ಣ. ಅವನೂ ಭರಮನೂ ಒಂದೇ ತಾಟಿನಲ್ಲಿ ಉಣ್ಣುವ ಗೆಳೆಯರು. ದೀಪ ತರುತ್ತೇನೆ, ತಡೆ ಅಂದನಂತೆ ಭರಮ.

"ಹನ್ನೆರಡು ಯುದ್ಧ ಗೆದ್ದವನು ಜೋಳಕ್ಕೆ ಹೆದರಬೇಕೇನೋ?" ಅಂದ ದುರುಗಣ್ಣ, ಕತ್ತಿ ಕಟ್ಟಿಕೊಂಡೇ ಇಳಿದ. ಕೂಗಿದರೆ ಓಗೊಡಲಿಲ್ಲ. ಭರಮ ದೀಪ ತಂದು ಇಳಿಬಿಟ್ಟ. ಆರಿತು.

ಶೂರರು ಓಡಿ ಬಂದು ಹಗೇವಿನ ಸುತ್ತ ಕತ್ತಿ ಹಿರಿದು ನಿಂತರು. ವೈರಿ ಯಾವ ದಿಕ್ಕಿಗಿದ್ದಾನೆ ಎಂದು ದಳವಾಯಿ ವಿಚಾರಿಸಿದನಂತೆ. ಭರಮ ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ, ಮೇಲೆ ಕೆಳಗೆ, ಇಪ್ಪತ್ತೊಂದು ಸಲ ಆಡಿಸಿ ಒಳಗಿನ ಗಾಳಿ ಕಲಕಿದ. ಜೋಳಕ್ಕೆ ಚಾಮರ ಬೀಸುತ್ತಿದ್ದಾನೆ ಎಂದು ಯಾರೋ ನಕ್ಕರು. ಮತ್ತೆ ದೀಪ ಬಿಟ್ಟ. ಆರಲಿಲ್ಲ, ಮಿಣಮಿಣ ಅಂತು. ಇನ್ನು ಕಾಯುವ ಹಾಗಿರಲಿಲ್ಲ.

ಇದ್ದ ಹಗ್ಗ ಒಂದೇ, ಅದು ದುರುಗಣ್ಣನಿಗೆ ಬೇಕು. ತನ್ನ ಸೊಂಟಕ್ಕೆ ಕಟ್ಟಿಕೊಳ್ಳಲು ಭರಮ ಮುಂಡಾಸು ಕೇಳಿದ. ಎಲ್ಲರೂ ತಲೆ ಹಿಡಿದುಕೊಂಡರಂತೆ. ಮುಂಡಾಸು ಬಿಚ್ಚಿದ ಸಿಪಾಯಿ ಸೋತ ಹಾಗೆ. ತಲೆ ಹೋದರೂ ಅದು ಹೋಗಬಾರದು.

ಭರಮ ತನ್ನದನ್ನು ಬಿಚ್ಚಿದ. "ನಾನು ಸೋತೆ. ಇನ್ನು ಮೂರು ಜನ ಸೋತರೆ ದುರುಗಣ್ಣ ಉಳೀತಾನೆ."

ಉಳಿದವರಲ್ಲಿ ಮೊದಲು ಬಿಚ್ಚಿದವನು ದಳವಾಯಿ. ಅವನನ್ನು ನೋಡಿ ಇನ್ನಿಬ್ಬರು. ನಾಲ್ಕನ್ನೂ ಒಂದಕ್ಕೊಂದು ಗಂಟು ಹಾಕಿ ಭರಮ ಸೊಂಟಕ್ಕೆ ಕಟ್ಟಿಕೊಂಡ.

"ಇಪ್ಪತ್ತು ಎಣಿಸಿ ಎಳೀರಿ. ನಾನು ಬ್ಯಾಡ ಅಂದರೂ ಎಳೀರಿ" ಎಂದು ಹೇಳಿ ಭರಮ ಉಸಿರು ಬಿಗಿಹಿಡಿದು ಇಳಿದ. ಗೆಳೆಯನ ಕತ್ತಿ ಬಿಚ್ಚಿ ಎಸೆದ, ಕಂಕುಳಿಗೆ ಹಗ್ಗ ಬಿಗಿದ. ಇಪ್ಪತ್ತಕ್ಕೆ ಇಬ್ಬರೂ ಮೇಲೆ ಬಂದರು.

ಮುಖಕ್ಕೆ ನೀರು ಬಿದ್ದ ಮೇಲೆ ದುರುಗಣ್ಣ ಕೆಮ್ಮಿ ಕಣ್ಣು ಬಿಟ್ಟನಂತೆ. ಕೇಳಿದ ಮೊದಲ ಮಾತು, "ನನ್ನ ಕತ್ತಿ ಎಲ್ಲೋ?"

"ಒಳಗೆ ಜೋಳ ಕಾಯ್ತಾ ಐತೆ" ಅಂದ ಭರಮ.

ಅಂದಿನಿಂದ ಆ ಕೋಟೆಯಲ್ಲಿ ಮೊದಲು ದೀಪ ಇಳಿಯುತ್ತದೆ, ಆಮೇಲೆ ಶೂರರು. ಈರುಳ್ಳಿ ಕೊಯ್ಯಲು ಭರಮನ ಪಕ್ಕದಲ್ಲಿ ದುರುಗಣ್ಣನೂ ಕೂರುತ್ತಿದ್ದನಂತೆ. ಅವರ ಮುಂಡಾಸು ಅವರ ತಲೆಗೆ, ಈ ಕಥೆ ನಿಮ್ಮ ಕಿವಿಗೆ.