ಸಿಗಡಿ ತಿಂದ ಕಾಗೆ

ಯಾವ ಮಾಳಿಗೆಯ ಮೇಲೆ ಕೂತರೂ "ಹುಶ್" ಅನ್ನಿಸಿಕೊಂಡು ಬೇಸತ್ತ ಕಾಗೆಯೊಂದು ಕೆರೆಯಂಚಿಗೆ ಬಂದು ಗುಲಾಬಿ ಬಣ್ಣದ ರಾಜಹಂಸವನ್ನು ಕೇಳಿತು: "ಅಕ್ಕಾ, ಈ ಬಣ್ಣ ನಿನಗೆಲ್ಲಿಂದ ಬಂತು?"

"ಹುಟ್ಟಿದಾಗ ನಾನೂ ಬೂದಿ ಬಣ್ಣದವಳೇ. ಈ ಕೆರೆಯ ಸಿಗಡಿ ತಿಂದು ತಿಂದು ಹೀಗಾದೆ. ತಿಂದ ಬಣ್ಣವೇ ಗರಿಗೆ ಇಳಿಯುತ್ತದೆ."

ಅಂದಿನಿಂದ ಕಾಗೆ ಊರ ಅನ್ನ ಬಿಟ್ಟು ಸಿಗಡಿಯನ್ನೇ ತಿಂದಿತು. ಹಳೆಯ ಗರಿ ಉದುರಿ ಹೊಸ ಗರಿ ಬಂತು. ಅದೂ ಕಪ್ಪೇ.

ರಾಜಹಂಸ ಬಿದ್ದು ಬಿದ್ದು ನಕ್ಕಿತು. "ತಮ್ಮಾ, ನೀನು ಎಷ್ಟು ಮನೆಯ ಅನ್ನ ಉಂಡಿದ್ದೀಯೋ! ಎಲ್ಲ ಬಣ್ಣ ಕಲಸಿದರೆ ಕಪ್ಪಲ್ಲದೆ ಇನ್ನೇನಾದೀತು?"

ಕಾಗೆ ತಲೆ ತಗ್ಗಿಸಿತು. ಅಷ್ಟರಲ್ಲಿ ಆಚೆ ದಡದ ಮನೆಯಿಂದ "ಕಾ, ಕಾ" ಎಂದು ಯಾರೋ ಕೂಗಿದರು. ಅಲ್ಲಿ ಅಜ್ಜನ ತಿಥಿ. ಹಿತ್ತಲಲ್ಲಿ ಎಡೆಯಿಟ್ಟು, ಮನೆಮಂದಿಯೆಲ್ಲ ಹಸಿದುಕೊಂಡು, ಕೈಮುಗಿದು, ಆಕಾಶ ನೋಡುತ್ತಿದ್ದರು.

"ಅವರು ಯಾರನ್ನು ಕಾಯುತ್ತಿದ್ದಾರೆ?" ಎಂದಿತು ರಾಜಹಂಸ.

"ನನ್ನನ್ನೇ, ಅಕ್ಕಾ" ಎಂದು ಕಾಗೆ ರೆಕ್ಕೆ ಬಿಚ್ಚಿತು. "ಜನರ ಕಣ್ಣು ತುಂಬುವುದಕ್ಕೆ ನೀನಿದ್ದೀಯೆ. ಹೊಟ್ಟೆ ತುಂಬಬೇಕಾದರೆ ಮೊದಲು ಈ ಕರಿಯನೇ ಬಾಯಿ ಹಾಕಬೇಕು!"